ಅಂಚಿನ ಪ್ರಾಣಿಗಳು

ಗುರುವಾರ, ಮಾರ್ಚ್ 6

ಚೀಲ ಹೊರಟುಹೋಗಿದೆ. ನಾನು ಓಡಿ ಬರುವ ಹೊತ್ತಿಗೆ ರದ್ದಿ ಗಾಡಿ ಮೂಲೆ ತಿರುಗುತ್ತಿತ್ತು. ಎರಡೂ ಕೈ ಬೀಸಿದೆ. ಗಾಡಿಯವನು ನನ್ನನ್ನು ಬಲ್ಲ. ಏನೋ ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಅವನೂ ಕೈ ಬೀಸಿ ಹೋದ. ಇಷ್ಟು ವರ್ಷ ಊರನ್ನು ನಗಿಸಿದ್ದಕ್ಕೆ ಸಿಕ್ಕ ಬಹುಮಾನ ಅದು.

ಇದನ್ನು ಬರೆಯುತ್ತಿರುವುದು ಬೈಂಡಿಂಗ್ ಅಂಗಡಿಯಲ್ಲಿ ಮಿಕ್ಕ ಖಾಲಿ ಹಾಳೆಗಳನ್ನು ನಾನೇ ಹೊಲಿದು ಮಾಡಿಕೊಂಡ ಪುಸ್ತಕದಲ್ಲಿ. ಐದನೇ ಕ್ಲಾಸು ಬಿಟ್ಟ ಮೇಲೆ ಇಷ್ಟು ಸಾಲು ಒಟ್ಟಿಗೆ ಬರೆದಿಲ್ಲ. ನನ್ನ ಅಕ್ಷರ ನೋಡಿದರೆ ಕೋಳಿಗೂ ತನ್ನ ಕಾಲಿನ ಮೇಲೆ ಅಭಿಮಾನ ಬರುತ್ತದೆ. ಸಾವಿರಾರು ಪುಸ್ತಕ ಕಟ್ಟಿದ್ದೇನೆ, ಒಂದನ್ನೂ ಪೂರ್ತಿ ಓದಿಲ್ಲ. ಆದರೆ ಈ ಮಾತನ್ನು ಯಾರ ಹತ್ತಿರ ಹೇಳಲಿ? ಹೇಳಿದರೆ ನಗುತ್ತಾರೆ. ನಾನು ಬಾಯಿ ತೆರೆದರೆ ನಗುವುದು ಎಲ್ಲರಿಗೂ ಅಭ್ಯಾಸವಾಗಿಬಿಟ್ಟಿದೆ.

ಆದದ್ದು ಇಷ್ಟು. ನಮ್ಮಕ್ಕ ಟೈಲರು. ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಅವಳ ಮಿಷನ್ನು. ಹನ್ನೊಂದು ವರ್ಷದಿಂದ, ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ, ಒಂದು ಕಥೆ ಬರೆಯುತ್ತಿದ್ದಾಳೆ. ಇಲ್ಲದ ಊರಿನ ಕಥೆ. ಏಳು ನೋಟ್‌ಬುಕ್ಕು ಆಗಿದೆ. ಕಣ್ಣಿನೊಳಗಿನ ಪರದೆ ಕಿತ್ತುಕೊಂಡಿದೆ, ಆಪರೇಷನ್ ಆಗಬೇಕು, ಆಮೇಲೆ ಎರಡು ವಾರ ಮುಖ ಕೆಳಗೆ ಮಾಡಿಕೊಂಡೇ ಮಲಗಬೇಕು ಎಂದು ಡಾಕ್ಟರು ಹೇಳಿದ ದಿನ ಅವಳು ಏಳನ್ನೂ ತಂದು ನನ್ನ ಕೈಗೆ ಕೊಟ್ಟಳು.

"ಒಂದೇ ಪುಸ್ತಕ ಮಾಡಿ ಕಟ್ಕೊಂಡು ಬಾರೋ. ನಾನು ಬೋರಲು ಬಿದ್ದಿರೋವಾಗ ನೀನೇ ಓದಿ ಹೇಳು. ಹನ್ನೊಂದು ವರ್ಷದಲ್ಲಿ ಒಂದು ಸಾಲು ಓದಿಲ್ಲ ನೀನು."

ಏಳು ನೋಟ್‌ಬುಕ್ಕು, ಏಳು ಅಳತೆ. ಮೊದಲನೆಯದು ಎಲ್ಲಕ್ಕಿಂತ ಚಿಕ್ಕದು. ಒಟ್ಟಿಗೆ ಕಟ್ಟುವಾಗ ಎಲ್ಲವನ್ನೂ ಚಿಕ್ಕದರ ಅಳತೆಗೆ ತರುವುದು ಬೈಂಡರ್ ಕೈಗೆ ಗೊತ್ತಿರುವ ಒಂದೇ ಬುದ್ಧಿ. ಹೊಲಿದೆ, ಬೆನ್ನಿಗೆ ಗೋಂದು ಹಚ್ಚಿದೆ, ಕಟಿಂಗ್ ಮೆಷಿನ್ನಿಗೆ ಕೊಟ್ಟೆ, ಹೊರಗಿನ ಅಂಚಿನಲ್ಲಿ ಎರಡು ಬೆರಳಗಲ ಹಾರಿಸಿದೆ. ರಟ್ಟು ಹಾಕಿ ಒತ್ತಿಟ್ಟೆ. ಇವತ್ತು ಬೆಳಿಗ್ಗೆ ತೆರೆದು ನೋಡುತ್ತೇನೆ, ಎರಡನೇ ನೋಟ್‌ಬುಕ್ಕಿನಿಂದ ಕೊನೆಯವರೆಗೆ ಪುಟದ ತುದಿಯಲ್ಲಿ ಅರ್ಧರ್ಧ ಅಕ್ಷರ. ಅವಳು ಪ್ರತಿ ಪುಟದ ಹೊರ ಅಂಚಿಗೆ ಒಂದು ಗೆರೆ ಎಳೆದು, ಗೆರೆಯ ಆಚೆ ಹಸಿರು ಶಾಯಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಬೇರೇನೋ ಬರೆದಿದ್ದಳು. ಆ ಬೇರೇನೋ ಪಟ್ಟಿ ಪಟ್ಟಿಯಾಗಿ ರದ್ದಿ ಚೀಲ ಸೇರಿದೆ. ಇದಕ್ಕೆ ಇನ್ನೊಂದು ಪ್ರತಿ ಇಲ್ಲ.

ಕತ್ತರಿಸಿದ ದಿನ ಬೆಳಕು ಸರಿ ಇರಲಿಲ್ಲ. ಮೋಡ ಮುಚ್ಚಿತ್ತು.

ಶುಕ್ರವಾರ, ಮಾರ್ಚ್ 7

ಆಪರೇಷನ್ ಮಧ್ಯಾಹ್ನಕ್ಕಿತ್ತು. ಬೆಳಿಗ್ಗೆ ಅಂಗಡಿಗೆ ಹೊಟ್ಟೆನೋವು ಎಂದು ಹೇಳಿ ರದ್ದಿ ಗೋದಾಮಿಗೆ ಹೋದೆ.

ರದ್ದಿಯವನು ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತ. "ಏನಣ್ಣ, ಕೊಟ್ಟ ರದ್ದೀನ ವಾಪಸ್ ಕೇಳೋಕೆ ಬಂದಿದೀಯ? ಪ್ರೇಮಪತ್ರ ಏನಾದ್ರೂ ಸೇರ್ಕೊಂಡಿತ್ತಾ?"

"ಹೌದು ಕಣಯ್ಯ, ನಿಮ್ಮತ್ತೆ ನನಗೆ ಬರೆದದ್ದು."

ಅವನು ಹೊಟ್ಟೆ ಹಿಡಿದು ನಕ್ಕ. ನನಗೆ ನಗು ಬರಲಿಲ್ಲ. ಬಾಯಿ ತಾನಾಗಿ ಆಡಿಬಿಟ್ಟಿತ್ತು. ಅರ್ಧ ಮಾಲು ಆಗಲೇ ಒತ್ತಿ ಕಟ್ಟಿ ಲಾರಿಗೆ ಏರಿಸಿಯಾಗಿತ್ತು. ಉಳಿದ ರಾಶಿಯಲ್ಲಿ ಮೊಣಕಾಲೂರಿ ಕೂತು ಹಸಿರು ಬಣ್ಣ ಹುಡುಕಿದೆ. ಸಿಕ್ಕಿದ್ದು ಇನ್ನೂರರ ಹತ್ತಿರ ಪಟ್ಟಿ. ಆರುನೂರಾದರೂ ಇರಬೇಕಿತ್ತು.

ಅಲ್ಲಿಂದಲೇ ಆಸ್ಪತ್ರೆಗೆ ಹೋದೆ. ನನ್ನವಳು ಬಾಗಿಲಲ್ಲೇ ತಡೆದಳು. "ಏನ್ರೀ, ತಲೆ ತುಂಬ ಕಾಗದದ ಚೂರು?"

"ವಯಸ್ಸಾಯ್ತಲ್ಲ, ಕೂದಲು ಹಾಳೆಯಾಗಿ ಉದುರ್ತಾ ಇದೆ."

ಅಕ್ಕ ಹಸಿರು ಗೌನು ಹಾಕಿಕೊಂಡು ಗಾಲಿ ಮಂಚದ ಮೇಲೆ ಮಲಗಿದ್ದಳು. ಒಳಗೆ ಕರೆದುಕೊಂಡು ಹೋಗುವ ಮುಂಚೆ ನನ್ನ ಕೈ ಹಿಡಿದು ಕೇಳಿದ್ದು ಒಂದೇ: "ಪುಸ್ತಕ ಆಯ್ತಾ?"

ಆಯ್ತು ಎಂದೆ.

ಶನಿವಾರ, ಮಾರ್ಚ್ 8

ಅಕ್ಕ ಮನೆಗೆ ಬಂದಳು. ಕಣ್ಣೊಳಗೆ ಗಾಳಿಯ ಗುಳ್ಳೆ ತುಂಬಿದ್ದಾರಂತೆ. ಅದು ಮೇಲಕ್ಕೆ ತೇಲಿ ಪರದೆಯನ್ನು ಒತ್ತಿ ಹಿಡಿಯಬೇಕಾದರೆ ಇವಳು ಕೆಳಗೆ ನೋಡುತ್ತಲೇ ಇರಬೇಕು. ಮಂಚದ ತುದಿಗೆ ನಡುವೆ ತೂತಿರುವ ದಿಂಬು, ಆ ತೂತಿನಲ್ಲಿ ಅವಳ ಮುಖ. ಊಟಕ್ಕೆ ತಟ್ಟೆಯನ್ನು ನೆಲದ ಮೇಲಿಟ್ಟು ಚಮಚದಲ್ಲಿ ನಾನು ಕೊಡಬೇಕು. ಇನ್ನೊಂದು ಕಣ್ಣು ಮೊದಲೇ ಮಂಜು. ಈ ಕಣ್ಣಿಗೆ ಎಷ್ಟು ದೃಷ್ಟಿ ಬರುತ್ತದೆ ಎಂದು ಈಗಲೇ ಹೇಳಲು ಆಗುವುದಿಲ್ಲ ಎಂದಿದ್ದಾರೆ ಡಾಕ್ಟರು.

"ಹೇಗಿದೆ ಅಕ್ಕ?"

"ನಮ್ಮನೆ ನೆಲದ ಪರಿಚಯ ಚೆನ್ನಾಗಿ ಆಗ್ತಿದೆ. ಮಂಚದ ಕೆಳಗೆ ಗುಡಿಸೇ ಇಲ್ವಲ್ಲೋ."

ಸಂಜೆ ಪುಸ್ತಕ ಕೇಳಿದಳು. ಕೆಳಗೆ ಚಾಚಿದ ಕೈಗೆ ಕೊಟ್ಟೆ. ಅವಳು ರಟ್ಟನ್ನು ಸವರಿದಳು, ಬೆನ್ನು ಸವರಿದಳು, ಹೊರಗಿನ ಅಂಚಿನ ಮೇಲೆ ಬೆರಳು ಎಳೆದಳು. ಹೆಬ್ಬೆರಳು ಒಂದು ತುದಿಗೆ, ಕಿರುಬೆರಳು ಇನ್ನೊಂದು ತುದಿಗೆ ಇಟ್ಟು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದಳು.

"ಎಷ್ಟು ನೀಟಾಗಿ ಕತ್ತರಿಸಿದೀಯೋ," ಎಂದಳು.

ಹೊಗಳಿಕೆ ಕೇಳಿ ಬೆವರಿದ್ದು ಇದೇ ಮೊದಲು.

ಭಾನುವಾರ, ಮಾರ್ಚ್ 9

ಓದಲು ಶುರು ಮಾಡಿದೆ. ಮೊದಲ ನೋಟ್‌ಬುಕ್ಕಿನ ಅಂಚು ಪೂರ್ತಿ ಉಳಿದಿದೆಯಲ್ಲ, ಅದರಿಂದ ಸಂಗತಿ ತಿಳಿಯಿತು.

ಆ ಊರಿನಲ್ಲಿ ಮಗು ಹುಟ್ಟಿದ ದಿನ ಒಂದು ಪ್ರಾಣಿ ತಾನಾಗಿ ಬಂದು ಬಾಗಿಲಲ್ಲಿ ಕೂರುತ್ತದೆ. ಸಾಯುವವರೆಗೂ ಪಕ್ಕದಲ್ಲೇ ನಡೆಯುತ್ತದೆ. ಮನುಷ್ಯನಿಗೆ ಏನಾಗಲಿದೆಯೋ ಅದು ಮೊದಲು ಪ್ರಾಣಿಗೆ ಆಗುತ್ತದೆ. ಆದರೆ ಯಾರಿಗೂ ತಮ್ಮ ಪ್ರಾಣಿ ಕಾಣಿಸುವುದಿಲ್ಲ. ಪಕ್ಕದವರದು ಕಾಣುತ್ತದೆ. ನಿನ್ನದು ಹೇಗಿದೆ ಎಂದು ಪಕ್ಕದವರೇ ಹೇಳಬೇಕು, ಇಲ್ಲ ನೋಡಿಯೂ ಸುಮ್ಮನಿರಬೇಕು. ಅದಕ್ಕೇ ಅಕ್ಕ ಜನರ ಕಥೆಯನ್ನು ಪುಟದಲ್ಲಿ ಬರೆದು, ಪ್ರಾಣಿಗಳ ಕಥೆಯನ್ನು ಗೆರೆಯ ಆಚೆ ಅಂಚಿನಲ್ಲಿ ಬರೆದಿದ್ದಾಳೆ. ಪುಟದಲ್ಲಿರುವವರಿಗೆ ಅಂಚು ಕಾಣಬಾರದು.

ಗಂಟೆ ಹೊಡೆಯುವವನು ಒಬ್ಬನಿದ್ದಾನೆ. ಪುಟದಲ್ಲಿ ಅವನು ಶಿಳ್ಳೆ ಹಾಕುತ್ತಾ ಗೋಪುರ ಹತ್ತುತ್ತಾನೆ. ಅಂಚಿನಲ್ಲಿ ಹಸಿರು ಶಾಯಿ: "ಆಮೆ ಇವತ್ತೂ ಕತ್ತು ಹೊರಗೆ ಹಾಕಲಿಲ್ಲ." ಮೂರು ಪುಟ ಆದ ಮೇಲೆ ಅವನ ಕಿವಿ ಹೋಗುತ್ತದೆ. ಪುಟ ಹಿಂದಕ್ಕೆ ತಿರುಗಿಸಿ ಆಮೆಯ ಸಾಲನ್ನು ಮತ್ತೆ ನೋಡಿದೆ.

"ಅಕ್ಕ, ಇದನ್ನ ನೀನೇ ಬರೆದ್ಯಾ?"

"ಇಲ್ಲ, ಮಿಷನ್ನು ಹೊಲೀತು."

ಹನ್ನೊಂದು ವರ್ಷ ನಾನು ಇದನ್ನು "ನಮ್ಮಕ್ಕನ ಇರುವೆ ಆನೆ ಪುರಾಣ" ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ.

ಮಂಗಳವಾರ, ಮಾರ್ಚ್ 11

ಇವತ್ತು ಎರಡನೇ ನೋಟ್‌ಬುಕ್ಕಿಗೆ ಬಂದೆ. ಅಂಚಿಲ್ಲದ ಜಾಗ.

ಪಟ್ಟಿಗಳನ್ನು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಂಗಡಿಯ ಹಿಂದೆ ಕೂತು ಜೋಡಿಸಿದ್ದೇನೆ. ಕತ್ತರಿಸಿದ ಅರ್ಧ ಅಕ್ಷರಕ್ಕೆ ಪುಟದ ಅರ್ಧ ಅಕ್ಷರ ಕೂರುತ್ತದೆಯೇ ಎಂದು ನೋಡಿ ಹೊಂದಿಸಬೇಕು. ಕಥೆಯಲ್ಲಿ ಬೀದಿ ಗುಡಿಸುವವಳು ಒಬ್ಬಳಿದ್ದಾಳೆ, ಅವಳ ಕುದುರೆ ಸುಮಾರಾಗಿ ಸಿಕ್ಕಿದೆ. ಆಮೆಯೂ ಅಲ್ಲಲ್ಲಿ ಸಿಕ್ಕಿದೆ. ಈ ನೋಟ್‌ಬುಕ್ಕಿನಲ್ಲಿ ಹೊಸದಾಗಿ ಇಬ್ಬರು ಬರುತ್ತಾರೆ. ಜನರನ್ನು ಹೊಳೆ ದಾಟಿಸುವ ದೋಣಿಯವಳು, ಮತ್ತೆ ಊರಿನ ನಗೆಗಾರ. ಇಬ್ಬರದೂ ಒಂದು ಪಟ್ಟಿ ಇಲ್ಲ. ಒಂದೂ ಇಲ್ಲ.

ದೋಣಿಯವಳು ಬಂದ ಪುಟದಲ್ಲಿ ಎರಡು ಕ್ಷಣ ತಡವರಿಸಿದೆ. ಸುಮ್ಮನಾದರೆ ಅಕ್ಕನಿಗೆ ಗೊತ್ತಾಗುತ್ತದೆ. ಬಾಯಿಗೆ ಬಂದದ್ದನ್ನು ಓದುವ ರಾಗದಲ್ಲೇ ಹೇಳಿಬಿಟ್ಟೆ: "ದೋಣಿಯವಳ ಪಕ್ಕದಲ್ಲಿ ಒಂದು ನೀರುನಾಯಿ. ಅದು ಮೀಸೆ ತಿರುವಿಕೊಂಡು ದೋಣಿಯ ತುದಿಯಲ್ಲಿ ಕುಣಿಯಿತು."

ಅಕ್ಕ ದಿಂಬಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಏನಂದೆ? ಇನ್ನೊಂದ್ಸಲ ಓದು."

ಮತ್ತೆ ಓದಿದೆ. ಸುಳ್ಳಿನಲ್ಲಿ ಇದೇ ತೊಂದರೆ, ಎರಡನೇ ಸಲ ಅದೇ ಮಾತು ಬರುವುದಿಲ್ಲ. ಈ ಸಲ ನೀರುನಾಯಿ ಮೀಸೆ ತಿರುವದೆ ಮೀಸೆಯ ನೀರು ಕೊಡವಿತು.

"ಹೂಂ," ಎಂದಳು. "ಮುಂದೆ?"

ಬಚಾವಾದೆ. ಗೊತ್ತಾಗಲಿಲ್ಲ.

ಗುರುವಾರ, ಮಾರ್ಚ್ 13

ನೀರುನಾಯಿ ಇವತ್ತು ಮೀನು ಹಿಡಿಯಿತು.

"ದೊಡ್ಡದಾ ಚಿಕ್ಕದಾ?" ಎಂದು ಕೇಳಿದಳು ಅಕ್ಕ.

ತುಂಬ ದೊಡ್ಡದು ಎಂದೆ. ಕುಣಿಯುತ್ತಾ ತಿಂದಿತು ಎಂದೆ.

"ಪರವಾಗಿಲ್ಲ, ಖುಷಿಯಾಗಿದೆ ನನ್ನ... ನೀರುನಾಯಿ," ಎಂದಳು.

ತನ್ನದೇ ಕಥೆಯ ನೀರುನಾಯಿ ಅಂದುಕೊಂಡಿದ್ದಾಳೆ, ಪಾಪ. ಮೋಸ ಮಾಡಿದ್ದು ಸಾಲದು ಎಂದು ಕಥೆಯನ್ನೂ ಕಲಬೆರಕೆ ಮಾಡುತ್ತಿದ್ದೇನೆ.

ಶುಕ್ರವಾರ, ಮಾರ್ಚ್ 14

ಅಂಗಡಿಯಲ್ಲಿ ನನ್ನ ಪಕ್ಕದ ಮೇಜಿನವನಿಗೆ ನಾನೇ ಇಟ್ಟ ಹೆಸರು ಗೋಂದು. ಬೆನ್ನಿಗೆ ಗೋಂದು ಹಚ್ಚುವುದು ಅವನ ಕೆಲಸ. ಚಹಾ ಹೊತ್ತಿಗೆ ಎಲ್ಲರ ಮುಂದೆ ಕೇಳಿದ: "ಅಣ್ಣ, ಇನ್ನೊಂದ್ಸಲ ಅಕ್ಕನ ಪುರಾಣ ಮಾಡು. ಅವತ್ತು ಮಾಡಿದ್ಯಲ್ಲ, ಹಾಗೆ. ನಕ್ಕು ನಕ್ಕು ನನ್ನ ಪಕ್ಕೆ ಹಿಡ್ಕೊಂಡಿತ್ತು."

"ಗಂಟಲು ಸರಿ ಇಲ್ಲ."

"ನಿನಗಾ? ಗಂಟಲು? ಜ್ವರ ಏನಾದ್ರೂ ಇದ್ಯಾ ನೋಡ್ರೋ ಇವನಿಗೆ."

ಈ ಪುಸ್ತಕದ ಮೊದಲ ದಿನ, ಕತ್ತರಿಸುವಾಗ ಮೋಡ ಮುಚ್ಚಿತ್ತು ಎಂದು ಬರೆದಿದ್ದೇನೆ. ನನ್ನ ಪುಸ್ತಕದಲ್ಲಿ ನಾನೇ ಸುಳ್ಳು ಬರೆದರೆ ಇದನ್ನು ಕಟ್ಟಿಕೊಂಡು ಏನು ಪ್ರಯೋಜನ? ಅವತ್ತು ಬಿಸಿಲು ಚೆನ್ನಾಗಿತ್ತು. ನಾನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಅಕ್ಕ ಮಾತಾಡುವ ಹಾಗೆ ಮೂಗಿನಲ್ಲಿ ಎಳೆದು ಎಳೆದು, ಅವಳ ಮೊದಲ ಪುಟ ಓದಿ, ಪುಸ್ತಕ ಮೆಷಿನ್ನಿಗೆ ಇಟ್ಟ ಮೇಲೂ ಬಾಯಲ್ಲೇ ಅದನ್ನು ಮುಂದುವರಿಸುತ್ತಿದ್ದೆ. "ಆಆ ಊರಿನಲ್ಲಿ ಒಂದು ಹೊಳೆಯಿತ್ತೂಊ." ಬಾಯಲ್ಲಿ ಸೂಜಿ ಕಚ್ಚಿಕೊಂಡು ಬರೆಯುವವಳ ಹಾಗೆ ತುಟಿ ಚೂಪು ಮಾಡಿದೆ. ಎಂಟು ಜನ ಸುತ್ತ ನಿಂತಿದ್ದರು. ಒಂದು ಕೈ ಮೆಷಿನ್ನಿನ ಹಿಡಿ ಮೇಲಿತ್ತು, ಕಣ್ಣು ಜನರ ಮುಖದ ಮೇಲಿತ್ತು. ಎಲ್ಲರೂ ಒಟ್ಟಿಗೆ ಘೊಳ್ಳೆಂದು ನಕ್ಕ ಹೊತ್ತಿಗೆ ಸರಿಯಾಗಿ ಹಿಡಿ ಎಳೆದೆ. ನಗುವಿನ ಸದ್ದಿನಲ್ಲಿ ಕತ್ತಿ ಬಿದ್ದ ಸದ್ದೂ ಕೇಳಲಿಲ್ಲ.

ಬರೆದಾಯಿತು. ಇನ್ನು ಇದನ್ನು ಮತ್ತೆ ಓದುವುದಿಲ್ಲ.

ಶನಿವಾರ, ಮಾರ್ಚ್ 15

ಕಥೆಯ ನಗೆಗಾರ ನನಗೆ ಹಿಡಿಸುತ್ತಿಲ್ಲ. ಅವನ ಕೆಲಸ ಏನೆಂದರೆ ಎದುರು ಸಿಕ್ಕವರಿಗೆ ಅವರ ಪ್ರಾಣಿಯ ಬಗ್ಗೆ ಒಳ್ಳೆಯದನ್ನೇ ಹೇಳುವುದು. ಕುದುರೆ ಕಾಲು ಮುರಿದುಕೊಂಡು ಬಿದ್ದಿದ್ದರೂ "ನಿನ್ನ ಕುದುರೆ ನೋಡಮ್ಮ, ಹೇಗೆ ಹಾರ್ತಾ ಇದೆ" ಅನ್ನುತ್ತಾನೆ. ಬೀದಿ ಗುಡಿಸುವವಳು ಹಿಗ್ಗಿ ಮನೆಗೆ ಹೋಗುತ್ತಾಳೆ. ಮಾರನೆ ದಿನ ಬೀಳುತ್ತಾಳೆ. ಯಾರಿಗೂ ಅವನ ಮೇಲೆ ಸಿಟ್ಟಿಲ್ಲ. ಎಲ್ಲರಿಗೂ ಅವನೆಂದರೆ ಪ್ರೀತಿ.

ಪುಟ ತಿರುಗಿಸುವಾಗ ಅಕ್ಕ ಕೇಳಿದಳು. "ನಗೆಗಾರನ ಪಕ್ಕದಲ್ಲಿ ಯಾವ ಪ್ರಾಣಿ ಅಂತ ಬರೆದಿದೀನೋ? ಮರೆತೇಹೋಗಿದೆ. ಅಂಚಲ್ಲಿ ನೋಡು."

ನೀರುನಾಯಿ ಬಂದ ಹಾಗೆ ಇದೂ ಬರಬೇಕಿತ್ತು. ಮಂಗ ಅನ್ನಬಹುದಿತ್ತು. ಗಿಣಿ ಅನ್ನಬಹುದಿತ್ತು. ಕತ್ತೆ ಎಂದು ಅವಳನ್ನು ನಗಿಸಬಹುದಿತ್ತು. ಎಷ್ಟೋ ಜನರ ಬಗ್ಗೆ ಎಷ್ಟೋ ಹೇಳಿದ್ದೇನೆ. ನನ್ನ ಸರದಿ ಬಂದಾಗ ಒಂದು ಇಲಿಮರಿಯೂ ಸಿಗಲಿಲ್ಲ.

"ಗಂಟಲು ಕೆರೀತಿದೆ ಅಕ್ಕ, ನಾಳೆ ಓದ್ತೀನಿ."

"ನಾಳೇನೂ ಕೆರೀಬಹುದು, ನೋಡ್ಕೋ," ಎಂದಳು.

ಒಳಗೆ ಬಂದರೆ ನನ್ನವಳು ನನ್ನ ಊಟದ ಚೀಲ ತೊಳೆಯಲು ತೆಗೆದು, ಅದರಲ್ಲಿದ್ದ ಪಟ್ಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು. ನಾನು ಹೇಳಲೇ ಇಲ್ಲ, ಅವಳೇ ಒಂದೊಂದಾಗಿ ಓದಿ ಅರ್ಥಮಾಡಿಕೊಂಡಿದ್ದಳು.

"ಒಂದು ವಾರದಿಂದ ನಿಮ್ಮ ಬಾಯಲ್ಲಿ ಒಂದು ಜೋಕಿಲ್ಲ. ಕಾಯಿಲೆ ಅಂತ ನಾನು ಹೆದರಿದ್ದೆ. ಇದಾ ವಿಷಯ?"

"ಅವಳ ಕಣ್ಣು ವಾಸಿಯಾಗಲಿ, ಆಮೇಲೆ..."

"ಕಣ್ಣು ಬಂದ ಮೇಲೆ ಅವರೇ ನೋಡ್ತಾರೆ. ಆಗ ನೀವು ಹೇಳೋದು ಏನುಳಿದಿರುತ್ತೆ?"

ಸೋಮವಾರ, ಮಾರ್ಚ್ 17

ಹೇಳಿದೆ.

ಮಂಚದ ಪಕ್ಕ ನೆಲದ ಮೇಲೆ ಕೂತು, ಪುಸ್ತಕ ಮುಚ್ಚಿಟ್ಟು, "ಅಕ್ಕ, ಅಂಚಿಲ್ಲ," ಎಂದೆ.

"ಗೊತ್ತು."

"ಹಸಿರು ಶಾಯೀಲಿ ಬರೆದಿದ್ಯಲ್ಲ, ಅದು..."

"ಗೊತ್ತು ಅಂದ್ನಲ್ಲ. ಮೂವತ್ತೈದು ವರ್ಷ ಬಟ್ಟೆ ಅಳೆದ ಕೈ ಕಣೋ ಇದು. ನೀನು ಕೈಗೆ ಕೊಟ್ಟ ದಿನವೇ ಎರಡು ಬೆರಳು ಕಮ್ಮಿ ಅಂತ ಗೊತ್ತಾಯ್ತು."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಯಾವತ್ತು ಹೇಳ್ತೀಯ ಅಂತ ಕಾಯ್ತಿದ್ದೆ. ಒಂಬತ್ತು ದಿನ ತಗೊಂಡೆ."

ಏಳು ನೋಟ್‌ಬುಕ್ಕಿನ ಏಳು ಅಳತೆ ಹೇಳಿದೆ, ರದ್ದಿ ಗಾಡಿ ಹೇಳಿದೆ, ಗೋದಾಮು ಹೇಳಿದೆ, ಇನ್ನೂರು ಪಟ್ಟಿ ಸಿಕ್ಕಿದೆ ಎಂದೂ ಹೇಳಿದೆ. ಅವಳು ದಿಂಬಿನ ತೂತಿನೊಳಗಿಂದ ಎಲ್ಲ ಕೇಳಿಸಿಕೊಂಡಳು.

"ಅಷ್ಟೇನಾ?"

"ಅಷ್ಟೇ ಅಕ್ಕ."

"ನೀನು ನೋಡದೆ ಕತ್ತರಿಸೋನಲ್ಲ. ಗಿರಾಕಿ ಪುಸ್ತಕದಲ್ಲಿ ಒಂದು ಕೂದಲಗಲ ಹೆಚ್ಚು ಹೋದ್ರೆ ಮನೆಗೆ ಬಂದು ಊಟ ಬಿಡ್ತೀಯ. ಅವತ್ತು ಎಲ್ಲಿ ನೋಡ್ತಿದ್ದೆ?"

ಮೋಡ ಮುಚ್ಚಿತ್ತು ಎಂದು ಹೇಳಬಹುದಿತ್ತು. ಅವಳು ಕಿಟಕಿಯ ಕಡೆಗೂ ತಿರುಗಲಾರದೆ ಬಿದ್ದಿದ್ದಳು. ಅದಕ್ಕೇ ಹೇಳಲಾಗಲಿಲ್ಲ. ನಿಜ ಹೇಳಿದೆ. ಗೋಂದು, ಎಂಟು ಜನ, ಕನ್ನಡಕ, ಮೂಗಿನ ರಾಗ.

"ಹ್ಯಾಗೆ ಮಾಡ್ದೆ?"

"ಬೇಡ ಅಕ್ಕ."

"ಎಲ್ರೂ ನೋಡಿದಾರೆ, ನಾನೊಬ್ಳು ನೋಡಿಲ್ಲ. ಮಾಡು."

"ಅಕ್ಕ, ಕೈ ಮುಗೀತೀನಿ..."

"ಮಾಡೋ."

ಮಾಡಿದೆ. ಮೂಗಿನಲ್ಲಿ ಎಳೆದು ಓದಿದೆ. ಆ ಊರಿನಲ್ಲಿ ಒಂದು ಹೊಳೆಯಿತ್ತು. ಹೊಳೆಯ ಆಚೆ ಏನಿದೆಯೋ ಯಾರೂ ನೋಡಿರಲಿಲ್ಲ. ಎರಡನೇ ಸಾಲಿಗೆ ನನ್ನ ದನಿ ನನಗೇ ಅಸಹ್ಯವಾಗಿ ನಿಂತುಹೋಯಿತು. ದಿಂಬಿನ ಕೆಳಗೆ ನೆಲದ ಮೇಲೆ ಒಂದು ಹನಿ ಬಿತ್ತು. ಬೆವರಿರಬೇಕು ಎಂದುಕೊಂಡೆ. ಇನ್ನೊಂದು ಬಿತ್ತು.

"ಎದ್ದು ಹೋಗು," ಎಂದಳು. "ನನ್ನನ್ನ ಅಳಿಸಬೇಡ. ಡಾಕ್ಟರು ಬೈತಾರೆ."

ಮಂಗಳವಾರ, ಮಾರ್ಚ್ 18

ಇವತ್ತು ನನ್ನ ಕೈಯಿಂದ ಊಟ ಬೇಡವೆಂದಳು. ನನ್ನವಳು ಕೊಟ್ಟಳು.

ಬುಧವಾರ, ಮಾರ್ಚ್ 19

ಇವತ್ತೂ ಮಾತಿಲ್ಲ. ಬಾಗಿಲ ಹೊರಗೆ ಕೂತಿದ್ದೆ. ಮುಂದಿನ ಕೋಣೆಯಲ್ಲಿ ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿದೆ. ಅದರ ಟಕಟಕ ಇಲ್ಲದೆ ಮನೆ ಬೇರೆಯವರ ಮನೆಯ ಹಾಗಿದೆ.

ಅಂಗಡಿಯಲ್ಲಿ ಯಜಮಾನರು ಬೈದರು. ಕೆಲಸ ನಿಧಾನವಂತೆ. ಪ್ರತಿ ಪುಸ್ತಕವನ್ನೂ ಕತ್ತರಿಸುವ ಮುಂಚೆ ಪುಟ ತೆರೆದು ನೋಡುತ್ತಾ ಕೂತರೆ ಹೇಗಯ್ಯ ಎಂದರು. ಪುಟ ತೆರೆದರೆ ಒಂದೆರಡು ಸಾಲು ಕಣ್ಣಿಗೆ ಬೀಳುತ್ತದೆ, ಬಿದ್ದರೆ ಮುಂದಿನ ಸಾಲು ಏನೆಂದು ನೋಡಬೇಕು ಅನ್ನಿಸುತ್ತದೆ. ವಯಸ್ಸಾದಂತೆ ಕೈ ನಿಧಾನವಾಗುವುದು ಸಹಜ. ಗೋಂದು ಯಾರನ್ನೋ ಕುಂಟಿ ತೋರಿಸಿ ನಗಿಸುತ್ತಿದ್ದ. ನನ್ನ ಜಾಗ ಖಾಲಿಯಾಗಿದೆ ಎಂದು ಅವನಿಗೆ ತಿಳಿದಿರಬೇಕು. ಅಷ್ಟೇನೂ ಚೆನ್ನಾಗಿರಲಿಲ್ಲ.

ಶುಕ್ರವಾರ, ಮಾರ್ಚ್ 21

ಸಂಜೆ ಕೆಲಸದಿಂದ ಬಂದು ಚಪ್ಪಲಿ ಬಿಡುವಾಗ ಒಳಗಿನಿಂದ ಕೂಗು. "ಲೋ, ಇಲ್ಲಿ ಬಾ."

ಹೋಗಿ ನೆಲದ ಮೇಲೆ ಕೂತೆ.

"ನೀರುನಾಯೀನ ಎಲ್ಲಿಂದ ತಂದೆ?"

"ತಪ್ಪಾಯ್ತು ಅಕ್ಕ. ದೋಣಿಯವಳ ಪಟ್ಟಿ ಒಂದೂ ಸಿಗಲಿಲ್ಲ. ಇನ್ನೂರನ್ನೂ ನಾಕು ನಾಕು ಸಲ ನೋಡಿದೆ."

"ಸಿಗೋದು ಹ್ಯಾಗೆ? ನಾನು ಬರೆದೇ ಇಲ್ಲ."

ನಾನು ಪುಸ್ತಕ ತೆರೆದು ದೋಣಿಯವಳ ಪುಟ ಹುಡುಕಿದೆ.

"ಬರೀಬೇಕು ಅಂತ ಗೆರೆ ಎಳೀತಿದ್ದೆ. ಎಲ್ಲರ ಪಕ್ಕದಲ್ಲೂ ಏನೋ ಒಂದು ಬಂದು ನಿಲ್ಲೋದು. ಇವಳ ಪಕ್ಕ ಏನೂ ಕಾಣ್ತಾ ಇರಲಿಲ್ಲ. ತನ್ನದು ತನಗೆ ಕಾಣಲ್ಲ ಅಂತ ನಾನೇ ನಿಯಮ ಮಾಡಿ ನಾನೇ ಸಿಕ್ಕಿಹಾಕ್ಕೊಂಡೆ. ಹನ್ನೊಂದು ವರ್ಷ ಆ ಅಂಚು ಖಾಲಿ."

ಆಗ ನನಗೆ ಹೊಳೆಯಿತು, ದೋಣಿಯವಳು ಯಾರು ಎಂದು. ಎಲ್ಲರನ್ನೂ ಆಚೆ ದಡಕ್ಕೆ ಬಿಟ್ಟು ಖಾಲಿ ದೋಣಿ ತಿರುಗಿಸಿಕೊಂಡು ಬರುವವಳು. ಅಪ್ಪ ಹೋದಾಗ ಅವಳಿಗೆ ಹದಿನೈದು, ನನಗೆ ಹನ್ನೊಂದು. ಅವತ್ತಿನಿಂದ ಅವಳು ಮಿಷನ್ನು ತುಳಿದಳು, ನಾನು ಬೈಂಡಿಂಗ್ ಅಂಗಡಿಗೆ ಹೋದೆ. ಅವಳು ಅಳಬಾರದು ಎಂದು ನಾನು ತಮಾಷೆ ಶುರು ಮಾಡಿದ್ದು. ಯಾವತ್ತು ಅವಳನ್ನು ಬಿಟ್ಟು ಉಳಿದವರನ್ನು ನಗಿಸಲು ಹೊರಟೆನೋ ನೆನಪಿಲ್ಲ.

"ನೀನು ನೀರುನಾಯಿ ಅಂದಾಗ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆದ್ರೆ ಅದು ಕುಣಿಯೋದು, ಮೀಸೆ ತಿರುವೋದು, ಅದೆಲ್ಲ ಆ ನಗೆಗಾರನ ಮಾತು. ಈಗ ನನ್ನ ನೋಡಿ ಹೇಳು. ಕುಣೀತಾ ಇದ್ಯಾ ಅದು?"

ನೋಡಿದೆ. ಹದಿನಾಲ್ಕು ದಿನದಿಂದ ಬೋರಲು ಬಿದ್ದ ಬೆನ್ನು, ಕುತ್ತಿಗೆ ನೋವಿಗೆ ಹಚ್ಚಿದ ಮುಲಾಮು, ಕೆದರಿದ ಬಿಳಿ ಜಡೆ.

"ಇಲ್ಲ ಅಕ್ಕ."

"ಮತ್ತೆ?"

"ದೋಣಿಯ ತಳದಲ್ಲಿ ಬೋರಲು ಬಿದ್ದಿದೆ. ಮೂಗು ಹಲಗೆಗೆ ಒತ್ತಿದೆ. ಹೆದರಿಕೊಂಡಿದೆ. ಯಾರಿಗೂ ಹೇಳ್ತಿಲ್ಲ."

"ಹಾಂ," ಎಂದಳು. "ಅದು ಸರಿಯಾಗಿದೆ."

ಧೈರ್ಯ ಮಾಡಿ ನಾನೂ ಕೇಳಿದೆ. "ನಗೆಗಾರನ ಪ್ರಾಣಿ ಯಾವುದು? ಕತ್ತೇನಾ?"

"ಕತ್ತೆ ಕಷ್ಟಪಟ್ಟು ಕೆಲಸ ಮಾಡುತ್ತೆ. ಅವನದು ನಾಯಿಮರಿ. ಅವನು ಹನ್ನೊಂದು ವರ್ಷದವನಾದಾಗ ಬೆಳೆಯೋದು ನಿಲ್ಲಿಸಿಬಿಡ್ತು. ಅವನ ತಲೆ ಬೆಳ್ಳಗಾದ್ರೂ ಅದು ಮರೀನೇ. ಊರವರಿಗೆಲ್ಲ ಅದು ಕಾಣುತ್ತಲ್ಲ, ಅದಕ್ಕೇ ಅವನು ಏನು ಮಾಡಿದ್ರೂ ಬಿಟ್ಟುಬಿಡ್ತಾರೆ."

ಕತ್ತೆಯೇ ಆಗಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

"ಕೊನೇವರೆಗೂ ಮರೀನೇನಾ?"

"ಏಳನೇ ಪುಸ್ತಕದಲ್ಲಿ ಅದರ ಒಂದು ಹಾಲುಹಲ್ಲು ಬಿತ್ತು. ಅಲ್ಲಿಗೆ ನನ್ನ ಕಣ್ಣು ಹೋಯ್ತು, ನಿಲ್ಲಿಸಿದೆ."

ಅವಳೇ ಮತ್ತೆ ಹೇಳಿದಳು. "ನೋಡು, ಆ ಆರು ಪುಸ್ತಕದ ಅಂಚು ನನಗೆ ಮತ್ತೆ ನೆನಪಾಗಲ್ಲ. ಕೆಲವು ಪ್ರಾಣಿಗಳು ಹೋದವು ಅಂದ್ರೆ ಹೋದವು. ಅದಕ್ಕೆ ಕ್ಷಮೆ ಇಲ್ಲ. ಕೇಳಬೇಡ."

ಕೇಳಲಿಲ್ಲ.

ಭಾನುವಾರ, ಮಾರ್ಚ್ 23

ಗುಳ್ಳೆ ಕರಗಿರಬೇಕು, ಇವತ್ತು ಸಂಜೆಯಿಂದ ಎದ್ದು ಕೂರಬಹುದು ಎಂದು ಆಸ್ಪತ್ರೆಯಿಂದ ಹೇಳಿದ್ದಾರೆ. ನಾಳೆ ಬೆಳಿಗ್ಗೆ ಕಣ್ಣಿನ ಪಟ್ಟಿ ಬಿಚ್ಚಿ ನೋಡುತ್ತಾರೆ.

ಬೆಳಿಗ್ಗೆಯೇ ಅಕ್ಕ ಅಪ್ಪಣೆ ಕೊಟ್ಟಳು. ದೋಣಿಯವಳು ಬರುವ ಪುಟಗಳಿಗೆಲ್ಲ ಹೊಸ ಅಂಚು ಅಂಟಿಸಬೇಕು. ನೀರುನಾಯಿಯನ್ನು ನಾನೇ ಬರೆಯಬೇಕು. ಡಾಕ್ಟರ ಹತ್ತಿರ ಹೊರಡುವ ಮುಂಚೆ ಅವಳಿಗೆ ಓದಿ ಹೇಳಬೇಕು.

"ನಾನು ಐದನೇ ಕ್ಲಾಸು ಅಕ್ಕ."

"ನೀರುನಾಯಿ ಯಾವ ಕ್ಲಾಸು ಓದಿದೆ?"

ಮಧ್ಯಾಹ್ನ ಪೂರ್ತಿ ತೆಳ್ಳನೆಯ ಹಾಳೆ ಕತ್ತರಿಸಿ, ಗಂಜಿ ಸವರಿ, ಒಂದೊಂದಾಗಿ ಪುಟದ ತುದಿಗೆ ಕೂರಿಸಿದೆ. ಪುಸ್ತಕ ಇನ್ನು ಯಾವತ್ತೂ ನೀಟಾಗಿ ಮುಚ್ಚುವುದಿಲ್ಲ. ನಲವತ್ತು ಪುಟ ಹೊರಗೆ ನಾಲಿಗೆ ಚಾಚಿಕೊಂಡಿವೆ. ನನ್ನ ಕೈಯಿಂದ ಹೊರಗೆ ಹೋದ ಪುಸ್ತಕಗಳಲ್ಲಿ ಇಷ್ಟು ಸೊಟ್ಟಗಿನದು ಇನ್ನೊಂದಿಲ್ಲ. ಅವಳ ಹಸಿರು ಪೆನ್ನು ತೆಗೆದುಕೊಂಡು ಮಿಷನ್ನಿನ ಮುಂದೆ ಅವಳ ಸ್ಟೂಲಿನ ಮೇಲೆ ಕೂತೆ. ಅಕ್ಷರ ತಪ್ಪಿದರೆ ತಿದ್ದಲು ಅವಳಿಗೆ ಕಣ್ಣು ಬರಬೇಕು.

ಕೊನೆಯ ಪುಟದ ಅಂಚಿಗೆ ಬಂದು ಸಿಕ್ಕಿಬಿದ್ದಿದ್ದೇನೆ. ಆ ಊರಿನಲ್ಲಿ ಪ್ರಾಣಿಗೆ ಆದದ್ದೇ ಮನುಷ್ಯನಿಗೆ ಆಗುತ್ತದೆ. ನೀರುನಾಯಿ ಎದ್ದು ಹೊಳೆಗೆ ಹಾರಿತು, ಮೀನಿನ ಕಣ್ಣೂ ಎಣಿಸುವಷ್ಟು ಚೆನ್ನಾಗಿ ಕಂಡಿತು ಎಂದು ಬರೆದೆ. ಹೊಡೆದುಹಾಕಿದೆ. ಅದು ನಗೆಗಾರನ ಮಾತು. ಏನೂ ಕಾಣಲಿಲ್ಲ ಎಂದು ಬರೆಯಲು ಹೋದೆ. ಪೆನ್ನು ಹಾಳೆಗೆ ತಾಗಲಿಲ್ಲ. ನಾಳೆ ಬೆಳಿಗ್ಗೆ ಎಂಟಕ್ಕೆ ಓದಬೇಕು. ಇದುವರೆಗೆ ನನಗೆ ಗೊತ್ತಿಲ್ಲ ಎಂದು ನಾನು ಯಾರಿಗೂ ಹೇಳಿದ್ದಿಲ್ಲ, ಗೊತ್ತಿಲ್ಲದಾಗೆಲ್ಲ ಒಂದು ಜೋಕು ಹೇಳಿ ದಾಟಿಕೊಂಡಿದ್ದೇನೆ. ಕೊನೆಗೆ ಇಷ್ಟು ಬರೆದೆ, ಅದನ್ನೇ ನೋಡಿಕೊಂಡು ಇಲ್ಲಿಗೂ ಇಳಿಸಿಕೊಳ್ಳುತ್ತೇನೆ:

"ಸಂಜೆ ನೀರುನಾಯಿ ಹಲಗೆಯಿಂದ ಮೂಗು ಎತ್ತಿತು. ದೋಣಿಯವಳಿಗೆ ಅದು ಕಾಣಲಿಲ್ಲ. ದೋಣಿಯಲ್ಲಿ ನಗೆಗಾರ ಕೂತಿದ್ದ. ಅವನು ಅವಳಿಗೆ ಹೇಳಿದ, ನಿನ್ನ ನೀರುನಾಯಿ ಎದ್ದು ಕೂತಿದೆ. ಅದಕ್ಕೆ ಹೊಳೆ ಕಾಣುತ್ತಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಾಗುವವರೆಗೆ ನಾನು ಇಳಿಯುವುದಿಲ್ಲ. ಆಗ ನೀರುನಾಯಿ"

"ರೀ, ಬರೆದಿದ್ದು ಸಾಕು, ಊಟಕ್ಕೆ ಬನ್ನಿ. ಅತ್ತಿಗೆ ತಾವೇ ಗೋಡೆ ಹಿಡ್ಕೊಂಡು ಬಂದು ತಟ್ಟೆ ಮುಂದೆ ಕೂತಿದಾರೆ. ನಾನು ಕೊಡ್ತೀನಿ ಅಂದ್ರೆ ಬೇಡ್ವಂತೆ. ಚಮಚದಲ್ಲಿ ನೀವೇ ಕೊಡಬೇಕಂತೆ."